ಬೆಕ್ಕಿನ ಕಛೇರಿ, ಇಲಿಗೆ ಚಪ್ಪಾಳೆ

ಟಾಮ್ ಮತ್ತು ಜೆರ್ರಿಯ ಜಗಳಗಳನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದವರಿಗೂ ಒಂದು ಜಗಳ ಮಾತ್ರ ಬೇರೆಯಾಗಿ ನೆನಪಿರುತ್ತದೆ. ಅದರಲ್ಲಿ ಅಡುಗೆಮನೆಯಿಲ್ಲ, ಚೂರಾಗುವ ಪಿಂಗಾಣಿ ತಟ್ಟೆಗಳಿಲ್ಲ, ಅಂಗಳದಲ್ಲಿ ಗೊರಕೆ ಹೊಡೆಯುವ ಬುಲ್‌ಡಾಗ್ ಇಲ್ಲ. ಇರುವುದು ಒಂದು ವೇದಿಕೆ, ಒಂದು ದೊಡ್ಡ ಪಿಯಾನೊ, ಅದರ ಮುಂದೆ ಉದ್ದ ಬಾಲದ ಕರಿ ಕೋಟು ತೊಟ್ಟ ಟಾಮ್. ಚಪ್ಪಾಳೆಯ ನಡುವೆ ನಡೆದು ಬಂದು, ಬಾಗಿ ವಂದಿಸಿ, ಪೀಠದ ಮೇಲೆ ಕೂತು, ಅರೆಗಣ್ಣು ಮುಚ್ಚಿ ನುಡಿಸಲು ತೊಡಗುತ್ತಾನೆ. ಅಲ್ಲಿಂದ ಮುಂದೆ ಏಳು ನಿಮಿಷಕ್ಕೂ ಮೀರಿ ನಡೆಯುವುದು ಒಂದೇ ಕೃತಿ, ಒಂದೇ ಕಛೇರಿ. ಆ ಕಿರುಚಿತ್ರದ ಹೆಸರು ‘ದಿ ಕ್ಯಾಟ್ ಕನ್ಸರ್ಟೊ’. ಎಂಜಿಎಂ ಸ್ಟುಡಿಯೊ ಅದನ್ನು ಅಮೆರಿಕದ ಚಿತ್ರಮಂದಿರಗಳಿಗೆ ಬಿಡುಗಡೆ ಮಾಡಿದ್ದು 1947ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗಾಗಲೇ ಅದಕ್ಕೆ ಆಸ್ಕರ್ ಬಂದಾಗಿತ್ತು.

ಕಾರ್ಟೂನ್ ಎಂದರೆ ಮಕ್ಕಳಿಗೆ ಊಟ ಮಾಡಿಸುವಾಗ ಹಾಕುವ ವಸ್ತು ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಈ ಚಿತ್ರ ತಯಾರಾದ ಕಾಲದಲ್ಲಿ ಹಾಗಿರಲಿಲ್ಲ. 1930ರಿಂದ 50ರ ದಶಕದವರೆಗೆ ಕಾರ್ಟೂನುಗಳು ದೊಡ್ಡ ಪರದೆಗಾಗಿಯೇ ತಯಾರಾಗುತ್ತಿದ್ದವು. ವಾರ್ತಾಚಿತ್ರ, ಕಿರುಚಿತ್ರ, ಆಮೇಲೆ ಮುಖ್ಯ ಸಿನಿಮಾ ಎಂಬ ಕ್ರಮದಲ್ಲಿ ಇವನ್ನೂ ತೋರಿಸಲಾಗುತ್ತಿತ್ತು. ನೋಡುತ್ತಿದ್ದವರಲ್ಲಿ ದೊಡ್ಡವರೇ ಹೆಚ್ಚು. ಟಾಮ್ ನುಡಿಸುವ, ಸಂಗೀತ ರಚನಕಾರ ಫ್ರಾಂಜ್ ಲಿಸ್ಟ್‌ನ ಪಿಯಾನೊ ಕೃತಿಯನ್ನು ಕೇಳಿ ಗುರುತು ಹಿಡಿಯುವವರು ಸಭೆಯಲ್ಲಿ ಇರುತ್ತಾರೆ ಎಂಬ ನಂಬಿಕೆ ತಯಾರಕರಿಗೆ ಇತ್ತು. ಗುರುತು ಸಿಗದವರೂ ನಗಬೇಕು ಎಂಬ ಹಟವೂ ಇತ್ತು.

ಕಥೆ ಸರಳ. ಪಿಯಾನೊ ಒಳಗೆ ಜೆರ್ರಿ ಮಲಗಿದ್ದಾನೆ. ಪಿಯಾನೊದ ಒಂದೊಂದು ಕೀ ಒತ್ತಿದಾಗಲೂ ಒಳಗೆ ಉಣ್ಣೆಯ ತಲೆಯ ಒಂದು ಪುಟ್ಟ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಜೆರ್ರಿಯ ಹಾಸಿಗೆ ಆ ಸುತ್ತಿಗೆಗಳ ಸಾಲೇ. ಟಾಮ್ ನುಡಿಸತೊಡಗಿದ್ದೇ ಇಲಿಯ ನಿದ್ದೆ ಹಾರಿಹೋಗುತ್ತದೆ. ಎದ್ದು ಬಂದವನು ಪಿಯಾನೊ ಮೇಲೆ ಕೂತು, ತಾನೇ ವಾದ್ಯವೃಂದದ ನಿರ್ದೇಶಕನೆಂಬಂತೆ ಕೈ ಬೀಸಿ ಅಣಕಿಸುತ್ತಾನೆ. ಟಾಮ್ ಅವನನ್ನು ಬೆರಳಿನಿಂದ ಚಿಮ್ಮಿ ಎಸೆಯುತ್ತಾನೆ. ಜಗಳ ಶುರು.

ಈ ಜಗಳಕ್ಕೆ ಒಂದು ಕಟ್ಟುಪಾಡು ಇದೆ, ಚಿತ್ರದ ಜೀವವಿರುವುದು ಅದರಲ್ಲೇ. ಏನೇ ಆಗಲಿ ಟಾಮ್ ನುಡಿಸುವುದನ್ನು ನಿಲ್ಲಿಸುವಂತಿಲ್ಲ. ಬೇರೆ ಚಿತ್ರಗಳಲ್ಲಿ ಅವನಿಗೆ ಇಲಿ ಹಿಡಿಯುವುದೊಂದೇ ಕೆಲಸ. ಇಲ್ಲಿ ಅವನಿಗೆ ಅದಕ್ಕಿಂತ ದೊಡ್ಡ ಕೆಲಸವಿದೆ. ಎದುರಿಗೆ ಸಭೆ ಕೂತಿದೆ, ಕೈಯಲ್ಲಿ ಕೃತಿ ಇದೆ, ಮೈಮೇಲೆ ಕಲಾವಿದನ ಕೋಟು ಇದೆ. ಜೆರ್ರಿ ಮುಚ್ಚಳವನ್ನು ಬೆರಳುಗಳ ಮೇಲೆ ಬೀಳಿಸುತ್ತಾನೆ, ಟಾಮ್ ನುಡಿಸುತ್ತಾನೆ. ಕೀಗಳ ಅಡಿಯಲ್ಲಿ ಇಲಿ ಓಡಿದರೆ ಅದು ಓಡಿದಲ್ಲೆಲ್ಲ ಕೀಗಳು ಉಬ್ಬೇಳುತ್ತವೆ. ಆ ಉಬ್ಬನ್ನೇ ಹಿಂಬಾಲಿಸಿ ಟಾಮ್ ನುಡಿಸುತ್ತಾನೆ. ಇಲಿಯ ಬೆನ್ನು ಹತ್ತುವುದು ಅನಿವಾರ್ಯವಾದಾಗ ಕಾಲಿನಲ್ಲಿ ಸ್ವರಗುಚ್ಛಗಳನ್ನು ಒತ್ತುತ್ತ ಬೆನ್ನು ಹತ್ತುತ್ತಾನೆ. ಕೃತಿಯ ಎಳೆ ಹರಿಯಲು ಬಿಡುವುದಿಲ್ಲ.

ಕತ್ತರಿಯ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಟಾಮ್ ಬಲಗಡೆ ನುಡಿಸುತ್ತಿರುವಾಗ ಎಡತುದಿಯ ಒಂದು ಸ್ವರವನ್ನು ಆಗಾಗ ಮುಟ್ಟಬೇಕಾಗುತ್ತದೆ. ಜೆರ್ರಿ ಆ ಕೀ ಬಳಿ ಕತ್ತರಿ ಹಿಡಿದು ಹೊಂಚು ಹಾಕುತ್ತಾನೆ. ಬೆರಳು ಬರುತ್ತದೆ, ಸ್ವರ ಮುಟ್ಟುತ್ತದೆ, ಹೋಗುತ್ತದೆ. ಕತ್ತರಿ ಮುಚ್ಚುವಷ್ಟರಲ್ಲಿ ತಡವಾಗಿರುತ್ತದೆ. ಮತ್ತೆ ಬರುತ್ತದೆ, ಮತ್ತೆ ತಪ್ಪುತ್ತದೆ. ಟಾಮ್‌ಗೆ ಇದ್ಯಾವುದರ ಸುಳಿವೂ ಇಲ್ಲ. ನಗು ಉಕ್ಕುವುದು ಕತ್ತರಿಯ ಭಯದಿಂದಲ್ಲ. ಆ ಸ್ವರ ಯಾವಾಗ ಬರಬೇಕು ಎಂಬುದು ನಮ್ಮ ಕಿವಿಗೂ ಗೊತ್ತಾಗಿಬಿಟ್ಟಿರುತ್ತದೆ. ತಾಳದ ಆ ಜಾಗಕ್ಕಾಗಿ ಜೆರ್ರಿಯ ಜೊತೆ ನಾವೂ ಕಾಯುತ್ತಿರುತ್ತೇವೆ. ಕೊನೆಗೆ ಬೇಸತ್ತ ಜೆರ್ರಿ ಕತ್ತರಿ ಬಿಸಾಕಿ, ಕೀಗಳ ಜಾಗದಲ್ಲಿ ಸ್ಪ್ರಿಂಗಿನ ಇಲಿಬೋನನ್ನು ಇಡುತ್ತಾನೆ. ಬೋನು ಕಚ್ಚುತ್ತದೆ. ಇಲಿಯೇ ಇಲಿಬೋನು ಒಡ್ಡಿ ಬೆಕ್ಕನ್ನು ಹಿಡಿಯುವ ಈ ತಿರುವಿಗೆ ಒಂದು ಮಾತೂ ಬೇಕಾಗಿಲ್ಲ, ಸಂಗೀತವೂ ತಡೆಯುವುದಿಲ್ಲ.

ಆ ಸಂಗೀತ ಫ್ರಾಂಜ್ ಲಿಸ್ಟ್‌ನ ‘ಹಂಗೇರಿಯನ್ ರ‍್ಯಾಪ್ಸಡಿ’ಗಳಲ್ಲಿ ಎರಡನೆಯದು. 1847ರಲ್ಲಿ ರಚನೆಯಾಗಿ 1851ರಲ್ಲಿ ಅಚ್ಚಾಯಿತು. ಅದಕ್ಕೆ ಎರಡು ಭಾಗ. ಮೊದಲನೆಯದು ‘ಲಾಶ್ಶಾನ್’: ನಿಧಾನ, ಗಂಭೀರ, ಒಂದೊಂದು ಸ್ವರಕ್ಕೂ ತೂಕ. ಎರಡನೆಯದು ‘ಫ್ರಿಶ್ಕಾ’: ಸಣ್ಣ ಹೆಜ್ಜೆಯಲ್ಲಿ ಆರಂಭವಾಗಿ ವೇಗ ಹೆಚ್ಚುತ್ತ ಹೆಚ್ಚುತ್ತ ಕೊನೆಗೆ ಉಸಿರು ಕಟ್ಟಿಸುವ ಓಟ. ಇನ್ನೂ ಒಂದು ಅನುಕೂಲವಿದೆ. ಕೊನೆಯ ಹೊತ್ತಿಗೆ ಲಿಸ್ಟ್ ಕಲಾವಿದನಿಗೆ ತನ್ನ ಮನೋಧರ್ಮದಂತೆ ನುಡಿಸಲು ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದಾನೆ. ಮೊದಲರ್ಧದಲ್ಲಿ ಗತ್ತು, ದ್ವಿತೀಯಾರ್ಧದಲ್ಲಿ ಅಟ್ಟಾಟ, ಕೊನೆಯಲ್ಲಿ ಸ್ವಂತ ಕಲ್ಪನೆಗೆ ಅವಕಾಶ: ಹಾಸ್ಯಚಿತ್ರ ಮಾಡುವವರಿಗೆ ಇನ್ನೇನು ಬೇಕು! ಡಿಸ್ನಿಯ ಮಿಕ್ಕಿ ಮೌಸ್ 1929ರಷ್ಟು ಹಿಂದೆಯೇ ‘ದಿ ಆಪ್ರಿ ಹೌಸ್’ ಚಿತ್ರದಲ್ಲಿ ಇದೇ ಕೃತಿಯನ್ನು ನುಡಿಸಿದ್ದ. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ನಲ್ಲಿ ಡೊನಾಲ್ಡ್ ಡಕ್ ಮತ್ತು ಡಾಫಿ ಡಕ್ ಪಿಯಾನೊ ಮೇಲೆ ಕಾದಾಡುವುದೂ ಇದರ ಮೇಲೆಯೇ. ಇವೆಲ್ಲವುಗಳಲ್ಲಿ ಕೃತಿಗೆ ಪೂರ್ತಿ ಮರ್ಯಾದೆ ಕೊಟ್ಟದ್ದು ಟಾಮ್ ಎಂಬುದು ನನ್ನ ತೀರ್ಪು.

ಲಿಸ್ಟ್‌ನ ಆಯ್ಕೆಗೆ ಇನ್ನೊಂದು ಸಮರ್ಥನೆಯೂ ಉಂಟು. ಬೇರೆ ಗಾಯಕರು, ವಾದಕರು ಯಾರೂ ಇಲ್ಲದೆ ಪಿಯಾನೊ ವಾದಕ ಒಬ್ಬನೇ ಕೂತು ಇಡೀ ಕಛೇರಿ ನಡೆಸುವ ಪದ್ಧತಿಯನ್ನು ಯುರೋಪಿನಲ್ಲಿ ಬೆಳೆಸಿದವನು ಅವನು. 1840ರ ದಶಕದಲ್ಲಿ ಅವನನ್ನು ನೋಡಲು ಜನ ಹುಚ್ಚೆದ್ದು ಸೇರುತ್ತಿದ್ದರು. ಕವಿ ಹೈನೆ ಆ ಹುಚ್ಚಿಗೆ ‘ಲಿಸ್ಟೊಮೇನಿಯಾ’ ಎಂದು ಹೆಸರಿಟ್ಟಿದ್ದ. ಕಣ್ಣು ಮುಚ್ಚಿ, ತಲೆ ಎತ್ತಿ, ಕೈಯನ್ನು ಗಾಳಿಯಲ್ಲಿ ಬೀಸಿ ಇಳಿಸುವ ಮಹಾನ್ ವಾದಕನ ಚಿತ್ರ ಜನರ ಮನಸ್ಸಿನಲ್ಲಿ ನೆಲೆಯಾದದ್ದು ಅವನ ಕಾಲದಲ್ಲಿ. ಟಾಮ್ ಧರಿಸಿರುವುದು ಆ ಚಿತ್ರವನ್ನೇ. ಆದರೆ ಅವನು ವೇಷಧಾರಿಯಲ್ಲ, ನಿಜಕ್ಕೂ ನುಡಿಸಬಲ್ಲವನು. ಈ ಒಂದು ಅಂಶ ಇಲ್ಲದಿದ್ದರೆ ಚಿತ್ರ ಬರೀ ಗಲಾಟೆಯಾಗಿ ಮುಗಿಯುತ್ತಿತ್ತು.

ಟಾಮ್‌ನ ಕೈಯನ್ನು ಗಮನಿಸಿ. ಹೆಬ್ಬೆರಳು ಸೇರಿ ನಾಲ್ಕೇ ಬೆರಳು. ಐದು ಬೆರಳಿನವರೇ ಬೆವರುವ ಕೃತಿಯನ್ನು ಅವನು ನಾಲ್ಕರಲ್ಲಿ ನುಡಿಸುತ್ತಾನೆ. ಹಾಗಿದ್ದೂ ಅವನ ಬೆರಳು ಬೀಳುವ ಜಾಗ, ಕೈ ದಾಟುವ ದೂರ, ಕೇಳಿಸುವ ಸ್ವರ ಇವು ಬಹುಮಟ್ಟಿಗೆ ಒಂದಕ್ಕೊಂದು ಹೊಂದುತ್ತವೆ. ಕೆಳಗಿನ ಸ್ವರ ಕೇಳಿದಾಗ ಕೈ ಎಡಕ್ಕಿದೆ, ಮೇಲಿನ ಸ್ವರ ಕೇಳಿದಾಗ ಬಲಕ್ಕಿದೆ. ಒಂದೇ ಸ್ವರ ಮತ್ತೆ ಮತ್ತೆ ಬಂದಾಗ ಬೆರಳು ಅದೇ ಕೀ ಮೇಲೆ ಕುಣಿಯುತ್ತದೆ. ನಟರು ಪಿಯಾನೊ ಮುಂದೆ ಕೂತು ಭುಜ ಅಲ್ಲಾಡಿಸುವ ಎಷ್ಟೋ ಸಿನಿಮಾಗಳಲ್ಲಿ ಈ ಶ್ರದ್ಧೆ ಇರುವುದಿಲ್ಲ. ಇಲ್ಲಿ ಬೆರಳುಗಳನ್ನು ಬರೆದವರು ಅನಿಮೇಟರ್‌ಗಳು, ಪೆನ್ಸಿಲ್ ಹಿಡಿದು, ಒಂದೊಂದೇ ಹಾಳೆಯ ಮೇಲೆ.

ಆ ದುಡಿಮೆಯ ಲೆಕ್ಕ ಹೀಗೆ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡುತ್ತದೆ. ಏಳು ನಿಮಿಷಕ್ಕೆ 10,080 ಚೌಕಟ್ಟು. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸುವ ರೂಢಿ ಇತ್ತಾದರೂ, ಬೆರಳುಗಳು ಓಡುವ ಕಡೆ ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ಬೇಕಾಗುತ್ತದೆ. ಬರೆದ ಗೆರೆಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು, ಒಂದೊಂದೇ ಚೌಕಟ್ಟನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕು. ತಾಳವನ್ನೂ ಚೌಕಟ್ಟಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ನಿಮಿಷಕ್ಕೆ 120 ಪೆಟ್ಟುಗಳ ಲಯವಾದರೆ ಪ್ರತಿ ಪೆಟ್ಟಿಗೆ ಸರಿಯಾಗಿ 12 ಚೌಕಟ್ಟು. ಮುಚ್ಚಳ ಬೀಳುವುದು ಹನ್ನೆರಡನೆಯದರ ಬದಲು ಹದಿನಾಲ್ಕನೆಯ ಚೌಕಟ್ಟಿನಲ್ಲಾದರೆ ನಗು ಸತ್ತಂತೆಯೇ.

ಈ ಲೆಕ್ಕದಲ್ಲಿ ಪಳಗಿದವರು ಚಿತ್ರದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ವಿಲಿಯಂ ಹನ್ನಾ. ಅವರಿಗೆ ಸಂಗೀತದ ಒಳ್ಳೆಯ ಪರಿಚಯವಿತ್ತು. ದೃಶ್ಯ ಎಷ್ಟು ಹೊತ್ತು, ಪೆಟ್ಟು ಎಲ್ಲಿ ಎಂದು ನಿಗದಿ ಮಾಡುವುದು ಅವರ ಪಾಲು. ಅವರ ಜೊತೆಗಾರ ಜೋಸೆಫ್ ಬಾರ್ಬೆರಾ ನ್ಯೂಯಾರ್ಕಿನಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಚಿತ್ರ ಬರೆಯಲು ಬಂದವರು. ಕಥೆ ಕಟ್ಟುವುದು, ಹಾಸ್ಯ ಹುಟ್ಟಿಸುವುದು, ಅದನ್ನು ಸರಸರನೆ ಬರೆದು ತೋರಿಸುವುದು ಅವರ ಪಾಲು. ಇಬ್ಬರೂ ಸೇರಿ 1940ರಲ್ಲಿ ‘ಪುಸ್ ಗೆಟ್ಸ್ ದಿ ಬೂಟ್’ ಎಂಬ ಚಿತ್ರ ಮಾಡಿದರು. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಚಿತ್ರ ಗೆದ್ದ ಮೇಲೆ ಸ್ಟುಡಿಯೊದ ಒಳಗೇ ನಡೆದ ಹೆಸರಿನ ಸ್ಪರ್ಧೆಯಲ್ಲಿ ಜಾನ್ ಕಾರ್ ಎಂಬ ಅನಿಮೇಟರ್ ‘ಟಾಮ್ ಅಂಡ್ ಜೆರ್ರಿ’ ಎಂದು ಸೂಚಿಸಿ 50 ಡಾಲರ್ ಬಹುಮಾನ ಪಡೆದರು. ಹನ್ನಾ–ಬಾರ್ಬೆರಾ ಜೋಡಿ ಎಂಜಿಎಂಗಾಗಿ ಇಂಥ 114 ಚಿತ್ರಗಳನ್ನು ನಿರ್ದೇಶಿಸಿತು.

ಮೂರನೆಯವರನ್ನು ನೆನೆಯದೆ ಈ ಚಿತ್ರದ ಮಾತು ಪೂರ್ತಿಯಾಗದು. ಅವರು ಸಂಗೀತ ನಿರ್ದೇಶಕ ಸ್ಕಾಟ್ ಬ್ರಾಡ್ಲಿ. ಹುಟ್ಟಿದ್ದು ಆರ್ಕನ್ಸಾ ರಾಜ್ಯದಲ್ಲಿ, 1891ರಲ್ಲಿ. ಟಾಮ್ ಜೆರ್ರಿಯರಿಗೆ ಮಾತಿಲ್ಲ ಎನ್ನುತ್ತೇವೆ. ಅವರ ಮಾತೆಲ್ಲ ಬ್ರಾಡ್ಲಿಯವರ ವಾದ್ಯವೃಂದದಲ್ಲಿದೆ. ಬೆಕ್ಕು ಹೆಜ್ಜೆ ಇಟ್ಟರೆ ತಂತಿವಾದ್ಯ, ಇಲಿ ಜಾರಿದರೆ ಕೊಳಲು, ಸಂಶಯ ಬಂದರೆ ಒಂದು ಅಪಸ್ವರ. ಆಧುನಿಕ ಯುರೋಪಿನ ಹನ್ನೆರಡು ಸ್ವರಗಳ ರಚನಾಕ್ರಮವನ್ನು ಅವರು ಸದ್ದಿಲ್ಲದೆ ಕಾರ್ಟೂನಿಗೆ ತಂದು, ಅಂಥದ್ದನ್ನು ಜನ್ಮದಲ್ಲಿ ಕೇಳದ ಪ್ರೇಕ್ಷಕರನ್ನು ನಗಿಸಿದರು. ಈ ಚಿತ್ರದಲ್ಲಿ ಮಾತ್ರ ಅವರ ಕೆಲಸ ಬೇರೆ ಬಗೆಯದು. ಕೃತಿ ಲಿಸ್ಟ್‌ನದು. ಅದನ್ನು ಏಳು ನಿಮಿಷಕ್ಕೆ ಹೊಂದಿಸಿ, ಎಲ್ಲಿ ಕತ್ತರಿಸಿದರೂ ಗಾಯ ಕಾಣದಂತೆ ಹೊಲಿದು, ಜಗಳಕ್ಕೆ ಬೇಕಾದ ಸಂದುಗಳನ್ನು ಒಳಗೇ ತೆರೆಯಬೇಕು. ಅದೂ ಪಿಯಾನೊ ಮೊದಲು, ಚಿತ್ರ ಆಮೇಲೆ. ಬೆರಳು ಸ್ವರಕ್ಕೆ ಹೊಂದಬೇಕಾದರೆ ಬೇರೆ ದಾರಿಯಿಲ್ಲ.

ಅಂಥ ಒಂದು ಸಂದು ಎಷ್ಟು ಸಲ ನೋಡಿದರೂ ಬೇಸರ ಬಾರದಂಥದ್ದು. ಓಟದ ನಡುವೆ ಜೆರ್ರಿ ಸುತ್ತಿಗೆಗಳ ಮೇಲೆ ಕುಣಿಯತೊಡಗುತ್ತಾನೆ. ಅವನ ಹೆಜ್ಜೆಗೆ ಲಿಸ್ಟ್ ಮಾಯವಾಗಿ, ಅಂದಿನ ಜನಪ್ರಿಯ ಸಿನಿಮಾ ಹಾಡೊಂದು ಕೇಳಿಬರುತ್ತದೆ. ಜೂಡಿ ಗಾರ್ಲೆಂಡ್ ನಟಿಸಿದ ‘ದಿ ಹಾರ್ವಿ ಗರ್ಲ್ಸ್’ ಚಿತ್ರದ, ರೈಲಿನ ಕುರಿತ ಹಾಡು ಅದು. ಟಾಮ್ ತನಗರಿವಿಲ್ಲದೆ ಅದನ್ನೇ ನುಡಿಸುತ್ತಾನೆ, ನುಡಿಸುತ್ತ ಖುಷಿಪಡುತ್ತಾನೆ, ಥಟ್ಟನೆ ಎಚ್ಚೆತ್ತು ಮತ್ತೆ ಕೃತಿಗೆ ಮರಳುತ್ತಾನೆ. ಶಾಸ್ತ್ರೀಯ ಕಛೇರಿಯ ಮಧ್ಯೆ ವಿದ್ವಾಂಸರ ಕೈ ಒಂದು ಚಿತ್ರಗೀತೆಗೆ ಜಾರಿದರೆ ಹೇಗಿರುತ್ತದೋ ಹಾಗೆ. ಆ ಹಾಡು ಮತ್ತು ಈ ಕಾರ್ಟೂನು ಎರಡಕ್ಕೂ 1947ರ ಮಾರ್ಚ್‌ನಲ್ಲಿ, ಒಂದೇ ಸಮಾರಂಭದಲ್ಲಿ ಆಸ್ಕರ್ ಬಂತು.

ಆ ಆಸ್ಕರ್‌ನ ಸುತ್ತ ಒಂದು ತಕರಾರೂ ಬೆಳೆಯಿತು. ಅದೇ ಕಾಲದಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೊದ ಫ್ರಿಜ್ ಫ್ರೆಲೆಂಗ್ ‘ರ‍್ಯಾಪ್ಸಡಿ ರ‍್ಯಾಬಿಟ್’ ಎಂಬ ಚಿತ್ರ ಮಾಡಿದ್ದರು. ಅದರಲ್ಲಿ ವೇದಿಕೆ ಏರುವುದು ಬಗ್ಸ್ ಬನ್ನಿ. ನುಡಿಸುವುದು ಇದೇ ಲಿಸ್ಟ್ ಕೃತಿ. ಕಾಡುವುದು ಒಂದು ಇಲಿ! ಅದು 1946ರ ನವೆಂಬರಿನಲ್ಲೇ ತೆರೆ ಕಂಡಿತ್ತು. ಎರಡೂ ಸ್ಟುಡಿಯೊಗಳು ಒಂದರ ಮೇಲೊಂದು ಕೃತಿಚೌರ್ಯದ ಆರೋಪ ಹೊರಿಸಿದವು. ಫಿಲ್ಮ್ ಸಂಸ್ಕರಿಸುವ ಲ್ಯಾಬಿನಿಂದ ಒಬ್ಬರ ಪ್ರತಿ ಇನ್ನೊಬ್ಬರ ಕೈಗೆ ಹೋಗಿರಬೇಕು ಎಂಬ ಊಹೆಯೂ ಹುಟ್ಟಿತು. ಯಾರೂ ಏನನ್ನೂ ಸಾಬೀತು ಮಾಡಲಿಲ್ಲ. ನಾಮನಿರ್ದೇಶನಗೊಂಡ ಐದು ಚಿತ್ರಗಳ ಪಟ್ಟಿಯಲ್ಲಿ ಬಗ್ಸ್ ಬನ್ನಿಯ ಚಿತ್ರ ಇರಲಿಲ್ಲ. ಮರುವರ್ಷ ಫ್ರೆಲೆಂಗ್ ನಿರ್ದೇಶಿಸಿದ ‘ಟ್ವೀಟಿ ಪೈ’ ಚಿತ್ರ ಆಸ್ಕರ್ ಗೆದ್ದು, ಸತತ ನಾಲ್ಕು ವರ್ಷಗಳ ಟಾಮ್–ಜೆರ್ರಿ ಓಟಕ್ಕೆ ತಡೆ ಹಾಕಿತು.

ಎರಡನ್ನೂ ಒಟ್ಟಿಗೆ ನೋಡಿದರೆ ಕದ್ದವರು ಯಾರು ಎಂಬ ಪ್ರಶ್ನೆಗಿಂತ ವ್ಯತ್ಯಾಸಗಳೇ ಹೆಚ್ಚು ಕಲಿಸುತ್ತವೆ. ಬಗ್ಸ್ ಬನ್ನಿಗೆ ಕಛೇರಿಯ ಗಾಂಭೀರ್ಯವೇ ಆಟದ ವಸ್ತು. ಸಭೆಯಲ್ಲಿ ಕೆಮ್ಮಿದವನನ್ನು ಪಿಸ್ತೂಲಿನಿಂದ ಸುಮ್ಮನಾಗಿಸುತ್ತಾನೆ. ಪಿಯಾನೊ ಒಳಗಿಂದ ಫೋನ್ ರಿಂಗಾದಾಗ ಎತ್ತಿಕೊಂಡು, ಫ್ರಾಂಜ್ ಲಿಸ್ಟ್ ಎಂಬವರನ್ನು ತಾನು ಕಂಡು ಕೇಳಿಲ್ಲ ಎಂದು ಉತ್ತರ ಕೊಡುತ್ತಾನೆ. ಅವನು ಬುದ್ಧಿವಂತ, ನಮ್ಮ ಕಡೆಗೆ ತಿರುಗಿ ಕಣ್ಣು ಮಿಟುಕಿಸುವವನು. ಟಾಮ್‌ಗೆ ಅದು ಬಾರದು. ಅವನು ಕಛೇರಿಯನ್ನು ಮನಸಾರೆ ನಂಬಿದ್ದಾನೆ. ನಂಬಿದವನು ಕಷ್ಟಕ್ಕೆ ಸಿಕ್ಕಾಗ ಬರುವ ನಗೆಯಲ್ಲಿ ಕನಿಕರವೂ ಬೆರೆತಿರುತ್ತದೆ. ಅದಕ್ಕೇ ಈ ಚಿತ್ರ ನನಗೆ ಹೆಚ್ಚು.

ಕೊನೆಯ ಭಾಗಕ್ಕೆ ಬರೋಣ. ಸಹನೆ ಕಳೆದುಕೊಂಡ ಟಾಮ್ ಜೆರ್ರಿಯನ್ನು ಹಿಡಿದು ಪೀಠದೊಳಗೆ ತುರುಕಿ ಹಿಂಡಿ, ಸುತ್ತಿಗೆಗಳ ನಡುವೆ ಎಸೆಯುತ್ತಾನೆ. ಸುತ್ತಿಗೆಗಳು ಜೀವ ಬಂದಂತೆ ಎದ್ದು ಇಲಿಯನ್ನು ತಾಳಬದ್ಧವಾಗಿ ಬಾರಿಸುತ್ತವೆ. ರೊಚ್ಚಿಗೆದ್ದ ಜೆರ್ರಿ ಅವುಗಳಲ್ಲಿ ಕೆಲವನ್ನು ಮುರಿದುಕೊಂಡು, ಅದನ್ನೇ ಕೋಲು ಮಾಡಿ ತಂತಿಗಳ ಮೇಲೆ ಬಾರಿಸತೊಡಗುತ್ತಾನೆ. ಈಗ ಕೃತಿ ಇಲಿಯ ಕೈಯಲ್ಲಿದೆ. ಟಾಮ್ ವೇಗಕ್ಕೆ ವೇಗ ಕೊಡಬೇಕು. ಮುಗಿಯಿತು ಎನ್ನುವಷ್ಟರಲ್ಲಿ ಸಂಗೀತ ಮತ್ತೆ ಏಳುತ್ತದೆ. ಇನ್ನೇನು ಮುಗಿಯಿತು ಎಂದು ಟಾಮ್ ಆಸೆಯಿಂದ ನೋಡುತ್ತಾನೆ, ಮತ್ತೆ ಏಳುತ್ತದೆ. ಕೋಟು ಹರಿದು, ಮೈ ಸೋತು, ಕೊನೆಯ ಸ್ವರದ ಮೇಲೆ ಅವನು ಕುಸಿದುಬೀಳುತ್ತಾನೆ. ಸಭೆ ಚಪ್ಪಾಳೆಯಿಂದ ತುಂಬುತ್ತದೆ. ಅದನ್ನು ಸ್ವೀಕರಿಸಲು ಅವನು ತಲೆ ಎತ್ತುವಷ್ಟರಲ್ಲಿ ಬೆಳಕು ಜೆರ್ರಿಯ ಕಡೆಗೆ ತಿರುಗಿರುತ್ತದೆ. ಪುಟ್ಟ ಕೋಟು ತೊಟ್ಟ ಇಲಿ ಬಾಗಿ ವಂದಿಸುತ್ತದೆ.

ಚಿಕ್ಕಂದಿನಲ್ಲಿ ನಾವೆಲ್ಲ ಜೆರ್ರಿಯ ಪಕ್ಷ. ವಯಸ್ಸಾದಂತೆ ಟಾಮ್‌ನ ಪಕ್ಷಕ್ಕೆ ಹೋಗುತ್ತೇವೆ, ಈ ಚಿತ್ರದ ಮಟ್ಟಿಗಂತೂ ಹೋಗಲೇಬೇಕು. ದುಡಿದವನೊಬ್ಬ, ವಂದನೆ ಸ್ವೀಕರಿಸಿದವನು ಇನ್ನೊಬ್ಬ. ಪರದೆಯ ಮೇಲಿನ ಈ ಅನ್ಯಾಯ ಚಿತ್ರ ತಯಾರಾದ ಸ್ಟುಡಿಯೊದಲ್ಲೂ ನಡೆದಿತ್ತು. ಹನ್ನಾ–ಬಾರ್ಬೆರಾ ಕಾಲದ ಟಾಮ್ ಅಂಡ್ ಜೆರ್ರಿಗೆ ಬಂದ ಆಸ್ಕರ್‌ಗಳು ಏಳು. ಪ್ರತಿ ಸಲವೂ ಪ್ರಶಸ್ತಿ ಸಂದದ್ದು ನಿರ್ಮಾಪಕರಾಗಿದ್ದ ಫ್ರೆಡ್ ಕ್ವಿಂಬಿ ಅವರಿಗೆ. ಅವರು ಸಿನಿಮಾ ವಿತರಣೆ, ಮಾರಾಟದ ಕಡೆಯಿಂದ ಬಂದ ಆಡಳಿತಗಾರರು. ಚಿತ್ರ ಬರೆದವರಲ್ಲ, ಕಥೆ ಕಟ್ಟಿದವರಲ್ಲ. ಅಂದಿನ ನಿಯಮದಂತೆ ಕಾರ್ಟೂನ್ ಪ್ರಶಸ್ತಿ ನಿರ್ಮಾಪಕರಿಗೇ ಸಲ್ಲುತ್ತಿತ್ತು ಎಂಬುದು ನಿಜ. ಆದರೆ ಹನ್ನಾ ಮತ್ತು ಬಾರ್ಬೆರಾರನ್ನು ವೇದಿಕೆಗೆ ಜೊತೆಗೆ ಕರೆದುಕೊಂಡು ಹೋಗಬೇಡಿ ಎಂದು ಯಾವ ನಿಯಮವೂ ಹೇಳಿರಲಿಲ್ಲ. 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನೇ ಮುಚ್ಚಿತು. ಆ ಸುದ್ದಿ ಬಂದದ್ದು ಒಂದು ಫೋನ್ ಕರೆಯಲ್ಲಿ. ಹಳೆಯ ಚಿತ್ರಗಳನ್ನೇ ಮತ್ತೆ ಬಿಡುಗಡೆ ಮಾಡಿದರೂ ದುಡ್ಡು ಬರುತ್ತದೆ, ಹೊಸದಕ್ಕೆ ಖರ್ಚೇಕೆ ಎಂಬುದು ಆಡಳಿತದವರ ಲೆಕ್ಕ. ಹನ್ನಾ ಮತ್ತು ಬಾರ್ಬೆರಾ ಟೆಲಿವಿಷನ್ನಿಗೆ ಹೋಗಿ, ‘ಫ್ಲಿಂಟ್‌ಸ್ಟೋನ್ಸ್’, ‘ಸ್ಕೂಬಿ ಡೂ’ಗಳಿಂದ ಇನ್ನೊಂದು ಸಾಮ್ರಾಜ್ಯ ಕಟ್ಟಿದರು. ಆದರೆ ಟೀವಿಯ ಹಣದಲ್ಲಿ ಸೆಕೆಂಡಿಗೆ ಅಷ್ಟೊಂದು ಚಿತ್ರ ಬರೆಯಿಸುವುದು ಆಗದ ಮಾತು. ಪಾತ್ರಗಳ ಬಾಯಿ, ಕೈ ಮಾತ್ರ ಆಡುವ ಮಿತವ್ಯಯದ ಪದ್ಧತಿ ಬಂತು. ನಾಲ್ಕು ಬೆರಳಲ್ಲಿ ಲಿಸ್ಟ್ ನುಡಿಸುವ ಬೆಕ್ಕು ಮತ್ತೆ ಅವರ ಕೈಯಲ್ಲಿ ಹುಟ್ಟಲಿಲ್ಲ.

ಈ ಸರಣಿಯ ಎಲ್ಲವನ್ನೂ ಕಣ್ಣು ಮುಚ್ಚಿ ಮೆಚ್ಚಲಾಗದು. ಮನೆಗೆಲಸದ ಕಪ್ಪು ಹೆಂಗಸಿನ ಚಿತ್ರಣ ಇಂದು ಮನಸ್ಸನ್ನು ಚುಚ್ಚುತ್ತದೆ. ಕೆಲವು ಚಿತ್ರಗಳಲ್ಲಿ ಬರೀ ಹೊಡೆತವೇ ಹಾಸ್ಯವಾಗಿಬಿಟ್ಟಿದೆ. ‘ಕ್ಯಾಟ್ ಕನ್ಸರ್ಟೊ’ ಈ ಎರಡರಿಂದಲೂ ಪಾರಾಗಿದೆ. ಇಲ್ಲಿನ ಪ್ರತಿ ಹೊಡೆತಕ್ಕೂ ಒಂದು ಸ್ವರದ ಕಾರಣವಿದೆ.

ಚೀನಾದ ಪಿಯಾನೊ ವಾದಕ ಲಾಂಗ್ ಲಾಂಗ್ ಇಂದು ಜಗತ್ತಿನ ದೊಡ್ಡ ಹೆಸರುಗಳಲ್ಲೊಂದು. ಎರಡು ವರ್ಷದ ಮಗುವಾಗಿದ್ದಾಗ ಟೀವಿಯಲ್ಲಿ ಈ ಚಿತ್ರ ನೋಡಿಯೇ ಪಿಯಾನೊ ಕಡೆಗೆ ಮನಸ್ಸು ಹರಿಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಇದರಲ್ಲಿ ಅಚ್ಚರಿಪಡುವಂಥದ್ದು ಇಲ್ಲ. ಮಾತಿಲ್ಲದ ಚಿತ್ರಕ್ಕೆ ಗಡಿ ಇರುವುದಿಲ್ಲ. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದು, ಕೇಬಲ್ಲಿನ ಮೂಲಕ ನಮ್ಮ ಊರುಗಳ ಮನೆ ಹೊಕ್ಕಾಗ, ಇಂಗ್ಲಿಷಿನ ಗಂಧಗಾಳಿ ಇಲ್ಲದ ಅಜ್ಜಿಯರೂ ಮೊಮ್ಮಕ್ಕಳ ಜೊತೆ ಕೂತು ಟಾಮ್ ಜೆರ್ರಿ ನೋಡಿ ನಕ್ಕಿದ್ದಾರೆ. ಲಿಸ್ಟ್‌ನ ಹೆಸರು ಕೇಳದ ಎಷ್ಟೋ ಕನ್ನಡದ ಕಿವಿಗಳಿಗೆ ಆ ಫ್ರಿಶ್ಕಾದ ಓಟ ಈಗಲೂ ಪರಿಚಿತ, ಈ ಬೆಕ್ಕಿನ ದೆಸೆಯಿಂದ.

ಮುಂದಿನ ಸಲ ಮನೆಯಲ್ಲಿ ಮಕ್ಕಳು ಇದನ್ನು ಹಾಕಿದಾಗ ನೀವೂ ಕೂತು ನೋಡಿ. ಫೋನಿನ ಸಣ್ಣ ಸದ್ದಿನಲ್ಲಿ ಬೇಡ, ಒಳ್ಳೆಯ ಸ್ಪೀಕರಿನಲ್ಲಿ ಕೇಳಿ. ಒಂದು ಸಲ ಇಲಿಯನ್ನು ಬಿಟ್ಟು ಟಾಮ್‌ನ ಕೈಯನ್ನೇ ನೋಡಿ. ಮುಗಿದ ಮೇಲೆ ಲಿಸ್ಟ್‌ನ ಪೂರ್ತಿ ಕೃತಿಯನ್ನು ಮಕ್ಕಳಿಗೆ ಕೇಳಿಸಿ. ಹತ್ತು ನಿಮಿಷದ ಆಸುಪಾಸಿನದು, ಅವರು ಸುಮ್ಮನೆ ಕೂತು ಕೇಳುತ್ತಾರೆ, ಏಕೆಂದರೆ ಕಥೆ ಅವರಿಗೆ ಗೊತ್ತು. ಹಾಗೆಯೇ ಆ ಬೆರಳುಗಳನ್ನು ಬರೆದವರ ಹೆಸರುಗಳನ್ನೂ ಹೇಳಿಕೊಡಿ: ಕೆನೆತ್ ಮ್ಯೂಸ್, ಎಡ್ ಬಾರ್ಜ್, ಇರ್ವೆನ್ ಸ್ಪೆನ್ಸ್.